ಎರಡು ಪೆಗ್‌ನ ಲೆಕ್ಕ: ಒಂದು ಸೆಕ್ಯುರಿಟಿ ಕ್ಲಿಯರೆನ್ಸ್ ಪ್ರಕರಣ

ಈ ಪ್ರಕರಣದ ವ್ಯಕ್ತಿಗೆ ಗಿರೀಶ ಅಂತ ಹೆಸರಿಡುತ್ತೇನೆ. ಅದು ಅವನ ಹೆಸರಲ್ಲ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯೋಕೆ ಅವನೇ ಒಪ್ಪಿದ. "ಬರೀರಿ ಅಣ್ಣ, ನನ್ನ ಹೆಂಡ್ತಿ ಊರು ಮಾತ್ರ ಹಾಕಬೇಡಿ" ಅಂದ.

ನಾನು ಅಮೆರಿಕದಲ್ಲಿ ರಕ್ಷಣಾ ಇಲಾಖೆಯ ಗುತ್ತಿಗೆ ಹಿಡಿಯುವ ಕಂಪನಿಗಳಲ್ಲಿ ಹಲವು ವರ್ಷ ಸೆಕ್ಯುರಿಟಿ ಆಫೀಸರ್ ಆಗಿದ್ದವನು, ಅಂದರೆ ನೌಕರರ ಸೆಕ್ಯುರಿಟಿ ಕ್ಲಿಯರೆನ್ಸ್ (ಸರ್ಕಾರದ ಗೋಪ್ಯ ಮಾಹಿತಿ ನೋಡೋಕೆ ಬೇಕಾದ ಅನುಮತಿ) ವಿಷಯ ನೋಡಿಕೊಳ್ಳುವವನು. ಗಿರೀಶನ ಕಂಪನಿಯವನಲ್ಲ. ಕನ್ನಡ ಸಂಘದ ಪರಿಚಯ, ಅಷ್ಟೇ. ಹಾಗಾಗಿ ಅವನ ಫೈಲನ್ನು ನಾನು ಆಫೀಸಿನ ಮೇಜಿನಿಂದ ನೋಡಲಿಲ್ಲ, ಅವನ ಮನೆಯ ಊಟದ ಮೇಜಿನಿಂದ ನೋಡಿದೆ.

ಹಿನ್ನೆಲೆ

ಹಾಸನದ ಕಡೆಯ ಹುಡುಗ. 2003ರಲ್ಲಿ ಎಂಎಸ್ ಮಾಡೋಕೆ ಬಂದ. ಕೆಲಸ, ಮದುವೆ, ಇಬ್ಬರು ಮಕ್ಕಳು, ಉತ್ತರ ವರ್ಜೀನಿಯಾದಲ್ಲಿ ಮನೆ. 2017ರ ಮಾರ್ಚಿನಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು. ಕೆಲಸದಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಅದೇ ವರ್ಷ ಡಿಸೆಂಬರಿನಲ್ಲಿ ಚಿಕ್ಕಪ್ಪನ ಮಗನ ಮದುವೆಗೆ ಬೆಂಗಳೂರಿಗೆ ಹೋದ. ಒಂದು ರಾತ್ರಿ ಇನ್ನೊಬ್ಬ ಕಸಿನ್‌ನ ಬೈಕ್ ಓಡಿಸಿಕೊಂಡು ಬರುವಾಗ ಪೊಲೀಸರು ಅಡ್ಡ ಹಾಕಿ ಮೆಷಿನ್ ಬಾಯಿಗೆ ಇಟ್ಟರು. ನಮ್ಮ ಕಡೆ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ 80. ಗಿರೀಶ ಎರಡನ್ನೂ ದಾಟಿದ್ದ. ಬೈಕ್ ಸ್ಟೇಷನ್‌ನಲ್ಲಿ ಬಿಟ್ಟು, ಎರಡು ದಿನ ಬಿಟ್ಟು ಕೋರ್ಟಿಗೆ ಹೋಗಿ, ತಪ್ಪೊಪ್ಪಿಕೊಂಡು 2,000 ರೂಪಾಯಿ ಫೈನ್ ಕಟ್ಟಿ ಬಂದ. ಆಗ ಮೋಟಾರು ವಾಹನ ಕಾಯಿದೆಯ 185ನೇ ಸೆಕ್ಷನ್ನಿಗೆ ಮೊದಲ ಸಲದ ಗರಿಷ್ಠ ದಂಡ ಅಷ್ಟೇ ಇತ್ತು. 2019ರಲ್ಲಿ ಅದು 10,000 ಆಯಿತು. ಮದುವೆ ಮನೆಯಲ್ಲಿ ಇದೊಂದು ತಮಾಷೆಯಾಗಿ ಓಡಾಡಿತು. ತಪ್ಪೊಪ್ಪಿಕೊಂಡು ದಂಡ ಕಟ್ಟುವುದು ಅಂದರೆ ಕಾನೂನಿನ ಲೆಕ್ಕದಲ್ಲಿ ಶಿಕ್ಷೆ ಆದ ಹಾಗೇ. ಅದನ್ನು ಆಗ ಅವನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಎರಡನೇ ಸಲ 2019ರ ನವೆಂಬರಿನಲ್ಲಿ. ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು, ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ಪಾರ್ಟಿ. ವಾಪಸ್ ಬರುವಾಗ ಕಾರು ಲೇನ್ ದಾಟಿ ದಾಟಿ ಹೋಗುತ್ತಿತ್ತು ಅಂತ ಪೊಲೀಸ್ ನಿಲ್ಲಿಸಿದ. ಉಸಿರಿನ ಪರೀಕ್ಷೆ 0.14 ತೋರಿಸಿತು, ಮೇಲಿನ 80ರ ಲೆಕ್ಕದಲ್ಲಿ ಹೇಳಿದರೆ 140. ವರ್ಜೀನಿಯಾದಲ್ಲಿ 0.15 ಮುಟ್ಟಿದ್ದರೆ ಮೊದಲ ಸಲವೇ ಕನಿಷ್ಠ 5 ದಿನ ಕಡ್ಡಾಯ ಜೈಲು. ಕೂದಲೆಳೆಯಲ್ಲಿ ತಪ್ಪಿತು. ಜೈಲು ಶಿಕ್ಷೆ ಅಮಾನತಿನಲ್ಲಿಟ್ಟು, ದಂಡ ಹಾಕಿ, 1 ವರ್ಷ ಲೈಸೆನ್ಸ್ ನಿರ್ಬಂಧಿಸಿ, ರಾಜ್ಯದ ಮದ್ಯ ಸುರಕ್ಷತಾ ಕಾರ್ಯಕ್ರಮಕ್ಕೆ ಕಳಿಸಿದರು. ಕಾರಿಗೆ 6 ತಿಂಗಳು ಇಂಟರ್‌ಲಾಕ್ ಯಂತ್ರ. ಅದಕ್ಕೆ ಊದದೆ ಎಂಜಿನ್ ಸ್ಟಾರ್ಟ್ ಆಗಲ್ಲ. ಆರು ವರ್ಷದ ಮಗಳು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ದಿನಾ ಕೇಳುತ್ತಿದ್ದಳಂತೆ: "ಅಪ್ಪಾ, ಊದಿದ್ಯಾ?"

ಕಾರ್ಯಕ್ರಮದವರು ಒಬ್ಬ ಲೈಸೆನ್ಸ್ ಇರುವ ಕೌನ್ಸೆಲರ್ ಹತ್ತಿರ ತಪಾಸಣೆಗೆ ಕಳಿಸಿದರು. ಅಲ್ಲಿ ಬರೆದದ್ದು: ಸೌಮ್ಯ ಮಟ್ಟದ ಮದ್ಯ ಬಳಕೆಯ ಕಾಯಿಲೆ. ಸಲಹೆ: ಪೂರ್ತಿ ಬಿಡಬೇಕು. ಗಿರೀಶ ಆ ಕಾಗದವನ್ನು ಕೋರ್ಟಿಗೆ ಕೊಡುವ ಇನ್ನೊಂದು ಕಾಗದ ಅಂದುಕೊಂಡು ಫೈಲಿಗೆ ಹಾಕಿದ. ಮುಂದೆ ಇಡೀ ಪ್ರಕರಣ ತಿರುಗಿದ್ದು ಆ ಒಂದು ಹಾಳೆಯ ಸುತ್ತ.

ಫಾರ್ಮ್

2022ರಲ್ಲಿ ಒಳ್ಳೆ ಕೆಲಸ ಸಿಕ್ಕಿತು. ಷರತ್ತು ಒಂದೇ, ಸೀಕ್ರೆಟ್ ಮಟ್ಟದ ಕ್ಲಿಯರೆನ್ಸ್ ಆಗಬೇಕು. ಅದಕ್ಕೆ ಎಸ್‌ಎಫ್-86 ಅನ್ನೋ ಉದ್ದದ ಫಾರ್ಮ್ ತುಂಬಬೇಕು.

ಅವನಿಗೆ ಭಯ ಇದ್ದದ್ದು ಬೇರೆ ಕಡೆ. ಅಮ್ಮ ಹಾಸನದಲ್ಲಿದ್ದಾರೆ, ಊರಲ್ಲಿ ಒಂದು ಸೈಟಿದೆ, ಭಾರತದ ನಂಟು ನೋಡಿ ಬೇಡ ಅಂದುಬಿಟ್ಟರೆ? ಆ ಪುಟಗಳಿಗೆ ಮೂರು ವಾರಾಂತ್ಯ ಕೊಟ್ಟ. ಸೋದರತ್ತೆಯ ಹುಟ್ಟಿದ ದಿನವನ್ನೂ ಹುಡುಕಿಸಿಟ್ಟುಕೊಂಡ. ಪೊಲೀಸ್ ದಾಖಲೆಯ ಪುಟಕ್ಕೆ ಹತ್ತು ನಿಮಿಷ. ಆಮೇಲೆ ಬಂದ ಆರೋಪಪತ್ರದಲ್ಲಿ, ಅಂದರೆ ಕ್ಲಿಯರೆನ್ಸ್ ಯಾಕೆ ಕೊಡಬಾರದು ಅಂತ ಸರ್ಕಾರ ಕಾರಣ ಬರೆದು ಕಳಿಸುವ ಪತ್ರದಲ್ಲಿ, ಅಮ್ಮನ ಬಗ್ಗೆಯಾಗಲಿ ಸೈಟಿನ ಬಗ್ಗೆಯಾಗಲಿ ಒಂದು ಸಾಲೂ ಇರಲಿಲ್ಲ!

2019ರ ಕೇಸನ್ನು ಸರಿಯಾಗಿ ಬರೆದ. ಬೆಂಗಳೂರಿನದನ್ನು ಬಿಟ್ಟ. ಫಾರ್ಮಿನಲ್ಲಿ ಒಂದು ವಿನಾಯಿತಿ ಇದೆ: 300 ಡಾಲರ್‌ಗಿಂತ ಕಡಿಮೆ ದಂಡದ ಟ್ರಾಫಿಕ್ ಕೇಸುಗಳನ್ನು ಬರೆಯಬೇಕಿಲ್ಲ. 2,000 ರೂಪಾಯಿ ಅಂದರೆ ಮೂವತ್ತು ಡಾಲರ್ ಆಸುಪಾಸು. ಸರಿ, ಬಿಡು ಅಂದುಕೊಂಡ. ಆ ವಾಕ್ಯ ಅಲ್ಲಿಗೆ ಮುಗಿಯಲ್ಲ. ಮದ್ಯ ಅಥವಾ ಮಾದಕ ವಸ್ತು ಸೇರಿದ್ದರೆ ವಿನಾಯಿತಿ ಇಲ್ಲ ಅಂತಲೂ ಇದೆ. ಘಟನೆ ಅಮೆರಿಕದಲ್ಲಾಗಿರಲಿ ಹೊರಗಾಗಿರಲಿ ಬರೆಯಿರಿ ಅಂತಲೂ ಇದೆ. ಮದ್ಯಕ್ಕೆ ಸಂಬಂಧಿಸಿದ ಆರೋಪ ಜೀವಮಾನದಲ್ಲಿ ಯಾವಾಗಲಾದರೂ ಬಂದಿತ್ತಾ ಅನ್ನೋ ಪ್ರಶ್ನೆ ಬೇರೆಯೇ ಇದೆ. ಬೇರೆ ಕೆಲವು ಪ್ರಶ್ನೆಗಳಿಗಿರುವ ಹಾಗೆ ಹಿಂದಿನ ಏಳು ವರ್ಷದ್ದು ಮಾತ್ರ ಅನ್ನೋ ಮಿತಿಯೂ ಅದಕ್ಕಿಲ್ಲ. ಬೇಕಂತ ಮುಚ್ಚಿಟ್ಟನಾ, ಅರ್ಧ ಓದಿ ನಿಲ್ಲಿಸಿದನಾ? ನನ್ನ ಅಂದಾಜು, ಎರಡೂ ಸ್ವಲ್ಪ ಸ್ವಲ್ಪ. ನಮಗೆ ಅನುಕೂಲವಾಗುವ ಜಾಗದಲ್ಲೇ ಓದು ನಿಲ್ಲುತ್ತದೆ, ಅಲ್ವಾ?

ತನಿಖಾಧಿಕಾರಿಯ ಸಂದರ್ಶನ ನವೆಂಬರಿನಲ್ಲಿ. ಹಿಂದಿನ ರಾತ್ರಿ ಹತ್ತೂವರೆಗೆ ಫೋನ್ ಬಂತು.

"ಅಣ್ಣ, ಫಾರ್ಮಲ್ಲಿ ಒಂದು ಬಿಟ್ಟಿದೀನಿ."

ಕೇಳಿಸಿಕೊಂಡೆ. ಅವನು ಸೇರಿಸಿದ: "ಬೆಂಗಳೂರಿಂದು ಅಣ್ಣ. ಇವರಿಗೆ ಹೆಂಗೆ ಗೊತ್ತಾಗುತ್ತೆ? ನಾನು ಹೇಳದೇ ಇದ್ರೆ ಯಾವ ಕಂಪ್ಯೂಟರಲ್ಲೂ ಬರಲ್ಲ."

ಬರದೇ ಇರಬಹುದು, ಅದು ನಿಜ. ನಾನು ಹೇಳಿದ್ದು ಇಷ್ಟು: "ನಾಳೆ ಅವರು ಕೇಳೋಕೆ ಮುಂಚೆ ನೀನೇ ಹೇಳು. ಕೇಳಿದ ಮೇಲೆ ಹೇಳಿದ್ರೆ ಸಿಕ್ಕಿಬಿದ್ದ ಹಾಗೆ. ಮುಂಚೆ ಹೇಳಿದ್ರೆ ತಿದ್ದಿಕೊಂಡ ಹಾಗೆ." ಇದು ನನ್ನ ಜಾಣತನವೇನಲ್ಲ, ನಿಯಮದಲ್ಲೇ ಇರುವ ಮಾತು. ಯಾರೂ ಮುಂದಿಟ್ಟು ಕೇಳುವ ಮೊದಲೇ, ತಡ ಮಾಡದೆ, ಪ್ರಾಮಾಣಿಕವಾಗಿ ತಿದ್ದಿಕೊಂಡರೆ ಅದು ಅರ್ಜಿದಾರನ ಪರವಾಗಿ ನಿಲ್ಲುತ್ತದೆ.

ಮರುದಿನ ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿಬಿಟ್ಟನಂತೆ. ತನಿಖಾಧಿಕಾರಿ ತಲೆ ಎತ್ತದೆ ಬರೆದುಕೊಂಡು, ಕಾಗುಣಿತ ಸರಿ ಮಾಡೋಕೆ "ಬೆಂಗಳೂರು" ಅನ್ನೋದನ್ನ ಎರಡು ಸಲ ಹೇಳಿಸಿಕೊಂಡರು. ಈ ಪ್ರಕರಣದಲ್ಲಿ ಅವನು ಮಾಡಿದ ಅತ್ಯಂತ ಒಳ್ಳೆ ಕೆಲಸ ಅದೇ.

ಆಮೇಲಿನ ಪ್ರಶ್ನೆಯಲ್ಲಿ ಜಾರಿದ. "ಈಗ ಕುಡೀತೀರಾ?" ಹೌದು. "ಎಷ್ಟು?" ಶುಕ್ರವಾರ, ಶನಿವಾರ, ಎರಡೆರಡು ಪೆಗ್.

ಯಾವ ತಕ್ಕಡಿ

ಇಲ್ಲಿ ಸ್ವಲ್ಪ ನಿಯಮ ಹೇಳಬೇಕು. 2017ರ ಜೂನ್‌ನಿಂದ ಅಮೆರಿಕದ ಎಲ್ಲಾ ಕ್ಲಿಯರೆನ್ಸ್‌ಗಳಿಗೂ ಸೀಡ್-4 ಅನ್ನೋ ಒಂದೇ ನಿರ್ದೇಶನ. ಅದರಲ್ಲಿ 'ಎ'ಯಿಂದ 'ಎಂ'ವರೆಗೆ 13 ಮಾರ್ಗಸೂಚಿ. 'ಜಿ' ಮದ್ಯಕ್ಕೆ, 'ಜೆ' ಅಪರಾಧಕ್ಕೆ, 'ಇ' ವೈಯಕ್ತಿಕ ನಡವಳಿಕೆಗೆ, ಅಂದರೆ ಮುಖ್ಯವಾಗಿ ಸುಳ್ಳು ಮತ್ತು ಮುಚ್ಚಿಡುವಿಕೆಗೆ. ಕುಡಿದು ಗಾಡಿ ಓಡಿಸಿದ ಒಂದೇ ಘಟನೆ 'ಜಿ'ಗೂ 'ಜೆ'ಗೂ ಸೇರುತ್ತದೆ. ಫಾರ್ಮಿನಲ್ಲಿ ಬಿಟ್ಟರೆ 'ಇ'ಗೂ. ಒಂದು ಕಲ್ಲಿಗೆ ಮೂರು ಗಾಯ.

ಜನ ತಪ್ಪು ತಿಳಿಯೋದು ಇಲ್ಲೇ. ಇದು ಕ್ರಿಮಿನಲ್ ಕೋರ್ಟ್ ಅಲ್ಲ. ಅಲ್ಲಿ ಅನುಮಾನದ ಲಾಭ ಆರೋಪಿಗೆ, ಇಲ್ಲಿ ದೇಶಕ್ಕೆ. ಕೇಸು ವಜಾ ಆಗಿದ್ದರೂ, ಆರೋಪವೇ ದಾಖಲಾಗದಿದ್ದರೂ, ನಡತೆಗೆ ಸಾಕ್ಷ್ಯ ಇದ್ದರೆ ಲೆಕ್ಕಕ್ಕೆ ಬರುತ್ತದೆ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲಿ 'ಡಿಪಾರ್ಟ್‌ಮೆಂಟ್ ಆಫ್ ದ ನೇವಿ ವರ್ಸಸ್ ಈಗನ್' ಪ್ರಕರಣದಲ್ಲಿ ಹೇಳಿತು. ಈಗನ್ ವಾಷಿಂಗ್ಟನ್ ರಾಜ್ಯದ ನೌಕಾನೆಲೆಯೊಂದರಲ್ಲಿ ಕೂಲಿ ಕೆಲಸಕ್ಕೆ ಸೇರಿದ್ದವರು. ಅವರ ಮೇಲೆ ನೌಕಾಪಡೆ ಹೇಳಿದ್ದೂ ಮೂರೇ ಮಾತು: ಹಳೆಯ ಕ್ರಿಮಿನಲ್ ಶಿಕ್ಷೆಗಳು, ಅರ್ಜಿಯಲ್ಲಿ ಬಿಟ್ಟ ಎರಡು ಕೇಸು, ಮತ್ತು ಕುಡಿತ. ನಲವತ್ತು ವರ್ಷ ಆಗುತ್ತಾ ಬಂತು, ಫೈಲುಗಳಲ್ಲಿ ಈಗಲೂ ಅದೇ ಮೂರು ಕಾಣುತ್ತವೆ.

ಇನ್ನೊಂದು ಕಾನೂನು ಓದಿ ಗಿರೀಶ ಸುಮ್ನೆ ಗಾಬರಿಯಾಗಿದ್ದ. 2008ರ ಬಾಂಡ್ ತಿದ್ದುಪಡಿಯ ಪ್ರಕಾರ 1 ವರ್ಷಕ್ಕಿಂತ ಜಾಸ್ತಿ ಶಿಕ್ಷೆಯಾಗಿ ಅಷ್ಟು ದಿನ ಜೈಲಲ್ಲಿದ್ದವರಿಗೆ ಕೆಲವು ಅತಿ ಗೋಪ್ಯ ವಿಭಾಗಗಳ ಬಾಗಿಲು ಮುಚ್ಚುತ್ತದೆ. ಅವನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಲೋಟ

2023ರ ಆಗಸ್ಟಿನಲ್ಲಿ ಆರೋಪಪತ್ರ ಬಂತು. ಉತ್ತರಕ್ಕೆ 20 ದಿನ. ಎರಡು ಕೇಸು, ಫಾರ್ಮಿನಲ್ಲಿ ಬಿಟ್ಟದ್ದು, ಎಲ್ಲಾ ಇತ್ತು. ಅವನು ಬೆವೆತದ್ದು ನಡುವಿನ ಒಂದು ಸಾಲಿಗೆ: ಕಾಯಿಲೆ ಇದೆ, ಬಿಡಿ ಅಂತ ಸಲಹೆ ಕೊಟ್ಟ ಮೇಲೂ ಕುಡಿಯುತ್ತಿದ್ದಾನೆ.

ಅವನ ಮೊದಲ ಕರಡು ಓದಿ ನನಗೆ ತಲೆಬಿಸಿ ಆಯಿತು. ನಾನು ಸಂಘದ ಪದಾಧಿಕಾರಿ, ಮಕ್ಕಳಿಗೆ ಕನ್ನಡ ಕಲಿಸುತ್ತೇನೆ, ಇದೆಲ್ಲ ಹಳೇ ಕಥೆ, ಆರೋಪ ಅಲ್ಲಗಳೆಯುತ್ತೇನೆ. ಜೊತೆಗೆ ನಾಲ್ಕು ಗಂಟೆಯ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟು. ಪರಿಚಯದ ಡಾಕ್ಟರೊಬ್ಬರ "ಇವರಿಗೆ ಏನೂ ತೊಂದರೆ ಇಲ್ಲ" ಅನ್ನೋ ಪತ್ರ. ಆ ಡಾಕ್ಟರು ಇವನಿಗೆ ಒಂದು ರಕ್ತ ಪರೀಕ್ಷೆ ಕೂಡ ಮಾಡಿಸಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಅವನ ಹೆಂಡತಿ ಅಡುಗೆಮನೆಯಿಂದಲೇ ಹೇಳಿದರು: "ಸುಳ್ಳು ಬರೀಬೇಡಿ ರೀ. ನಂಗೆ ಸಾಕಾಗಿದೆ." ಆ ಕರಡು ಅಲ್ಲಿಗೆ ಹರಿಯಿತು. ಈ ವಿಷಯದಲ್ಲೇ ಪಳಗಿದ ಒಬ್ಬ ವಕೀಲರನ್ನು ಹಿಡಿದೆವು. ಅವರು ಮೊದಲು ಕಳಿಸಿದ್ದು ಹೊಸ ಕೌನ್ಸೆಲರ್ ಹತ್ತಿರ.

ಆ ಕೌನ್ಸೆಲರ್ ಅಮ್ಮ ಎರಡನೇ ಭೇಟಿಗೆ ಬರುವಾಗ "ಮನೆಯಲ್ಲಿ ಕುಡಿಯೋ ಲೋಟ ತನ್ನಿ" ಅಂದರು. ಗಿರೀಶ ಒಯ್ದದ್ದು ಸ್ಟೀಲ್ ಲೋಟ. ಯಾವುದೋ ನೆಂಟರ ಗೃಹಪ್ರವೇಶದಲ್ಲಿ ಕೊಟ್ಟದ್ದು. ಮೇಲೆ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಹೆಸರು, ತಾರೀಖು ಕೆತ್ತಿಸಿದ್ದರು. ವಿಸ್ಕಿಗೆ ಸ್ಟೀಲ್ ಲೋಟ ಯಾಕೆ ಅಂತ ಕೇಳಿದರಂತೆ. ಗಾಜಿನದಾದರೆ ಮಕ್ಕಳಿಗೆ ಕಾಣುತ್ತೆ ಅಂದ. ಅವರು ಏನೂ ಹೇಳದೆ ಒಂದು ಜಗ್ ನೀರು ಕೊಟ್ಟು, "ದಿನಾ ಹಾಕೋ ಅಷ್ಟು ಹಾಕಿ" ಅಂದರು. ಕೆತ್ತಿದ ಅಕ್ಷರದ ಕೆಳಗಿನ ಸಾಲಿನವರೆಗೆ ಹಾಕಿದ. ಅಡುಗೆಯ ಅಳತೆ ಕಪ್ಪಿಗೆ ಸುರಿದರು. 110 ಮಿಲಿ.

ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್. ಶೇಕಡಾ 40ರ ವಿಸ್ಕಿಯಲ್ಲಿ 44 ಮಿಲಿ. ನಮ್ಮ ಒಂದು ನೈಂಟಿ ಅಂದರೇ ಅವರ ಎರಡು ಡ್ರಿಂಕ್. ಗಿರೀಶನ ಒಂದು "ಪೆಗ್" ಎರಡೂವರೆ. ಎರಡು ಹಾಕಿದರೆ ಐದು. ಗಂಡಸರು ಸುಮಾರು ಎರಡು ಗಂಟೆಯೊಳಗೆ ಐದು ಡ್ರಿಂಕ್ ಕುಡಿದರೆ ಅಲ್ಲಿನ ವೈದ್ಯರು ಅದನ್ನು ಬಿಂಜ್, ಅಂದರೆ ಒಂದೇ ಸಲಕ್ಕೆ ಮಿತಿಮೀರಿದ ಕುಡಿತ, ಅನ್ನುತ್ತಾರೆ. ಅವನು ತನಿಖಾಧಿಕಾರಿಗೆ ಸುಳ್ಳು ಹೇಳಿರಲಿಲ್ಲ. ಅವನಿಗೇ ಗೊತ್ತಿರಲಿಲ್ಲ.

ಅವತ್ತು ಸಂಜೆ ನಮ್ಮ ಮನೆಗೆ ಬಂದು ತುಂಬಾ ಹೊತ್ತು ಸುಮ್ಮನೆ ಕೂತಿದ್ದ. "ಐದು ಅಂತೆ ಅಣ್ಣ" ಅಂದ. ಕುಡಿಯೋದು ನಿಲ್ಲಿಸಿದ್ದು ಆ ವಾರದಿಂದ, 2023ರ ಸೆಪ್ಟೆಂಬರಿನಲ್ಲಿ. ವಾರಕ್ಕೆ ಮೂರು ದಿನದ ಹೊರರೋಗಿ ಚಿಕಿತ್ಸೆ, ಆಮೇಲೆ ವಾರಕ್ಕೊಂದು ಗುಂಪು. ಜೊತೆಗೆ ಪೆತ್ ಅನ್ನೋ ರಕ್ತ ಪರೀಕ್ಷೆ. ಹಿಂದಿನ ಎರಡು ಮೂರು ವಾರ ಕುಡಿದದ್ದನ್ನು ಅದು ತೋರಿಸುತ್ತದೆ, ಹಾಗಾಗಿ ಪರೀಕ್ಷೆಯ ಹಿಂದಿನ ದಿನ ಬಿಟ್ಟರೆ ಪ್ರಯೋಜನ ಇಲ್ಲ. ಎಲ್ಲಾ ಪರೀಕ್ಷೆಯೂ ನೆಗೆಟಿವ್.

ವಿಚಾರಣೆ

2024ರ ಮಾರ್ಚಿನಲ್ಲಿ ಆಡಳಿತ ನ್ಯಾಯಾಧೀಶರ ಮುಂದೆ ವಿಡಿಯೋ ವಿಚಾರಣೆ. ಸರ್ಕಾರದ ವಕೀಲರು ದನಿ ಎತ್ತಲಿಲ್ಲ, ಗದರಿಸಲಿಲ್ಲ.

"2021ರ ಜನವರಿಯಲ್ಲಿ ಕಾರಿನಿಂದ ಯಂತ್ರ ತೆಗೆದರು. ಎಷ್ಟು ದಿನದ ಮೇಲೆ ಕುಡಿದಿರಿ?"

ಗಿರೀಶ ನೀರು ಕುಡಿದು ಹೇಳಿದ: "ಅವತ್ತೇ ರಾತ್ರಿ."

ಅವನ ವಕೀಲರು ಕಣ್ಣು ಮುಚ್ಚಿಕೊಂಡರಂತೆ. ಆ ಉತ್ತರ ಅವನಿಗೆ 'ಜಿ'ಯಲ್ಲಿ ಏಟು ಕೊಟ್ಟಿತು, 'ಇ'ಯಲ್ಲಿ ಕಾಪಾಡಿತು.

ಪತ್ರಗಳ ಬಗ್ಗೆ ಒಂದು ಮಾತು. ಸಂಘದ ಹಿರಿಯರೊಬ್ಬರು ಎರಡು ಪುಟ ಹೊಗಳಿ ಬರೆದಿದ್ದರು. ಅವರಿಗೆ 2019ರ ಕೇಸಿನ ವಿಷಯವೇ ಗೊತ್ತಿರಲಿಲ್ಲ, ಅದು ಪತ್ರ ಓದಿದರೇ ಗೊತ್ತಾಗುತ್ತಿತ್ತು. ತೀರ್ಪಿನಲ್ಲಿ ಅದಕ್ಕೆ ಬೆಲೆ ಸಿಗಲಿಲ್ಲ. ಹೆಂಡತಿಯದು ಎಂಟು ಸಾಲು. ಅದರಲ್ಲಿ ಒಂದು: ಈಗ ನಾನು ರಾತ್ರಿ ಗ್ಯಾರೇಜ್ ಬಾಗಿಲಿನ ಸದ್ದಿಗೆ ಕಾಯುತ್ತಾ ಮಲಗುವುದಿಲ್ಲ. ನ್ಯಾಯಾಧೀಶರು ಅದನ್ನು ತೀರ್ಪಿನಲ್ಲಿ ಎತ್ತಿ ಬರೆದರು.

ಜೂನ್‌ನಲ್ಲಿ ತೀರ್ಪು ಬಂತು. 'ಇ' ಅವನ ಪರ: ಯಾರೂ ಕೇಳುವ ಮೊದಲೇ ಹೇಳಿದ್ದಾನೆ. 'ಜೆ'ಯೂ ಅವನ ಪರ: ಶಿಕ್ಷೆಯ ಷರತ್ತುಗಳನ್ನೆಲ್ಲ ಮುಗಿಸಿದ್ದಾನೆ, ನಾಲ್ಕು ವರ್ಷದಿಂದ ಬೇರೆ ಕೇಸಿಲ್ಲ. 'ಜಿ' ವಿರುದ್ಧ. ಆರು ತಿಂಗಳು ಬಿಟ್ಟಿರುವುದು ಒಳ್ಳೆಯದೇ, ಆದರೆ ಅದು ಶುರುವಾದದ್ದು ಆರೋಪಪತ್ರ ಬಂದ ಮೇಲೆ. ಹಿಂದೆಯೂ ಯಂತ್ರ ಇರುವಷ್ಟು ದಿನ ಬಿಟ್ಟಿದ್ದ, ತೆಗೆದ ದಿನ ಮತ್ತೆ ಹಿಡಿದಿದ್ದ. ಅನುಮಾನ ಉಳಿದಿದೆ. ಕ್ಲಿಯರೆನ್ಸ್ ಇಲ್ಲ.

ಮೇಲ್ಮನವಿಗೆ 15 ದಿನ ಇತ್ತು. ಅಲ್ಲಿ ಹೊಸ ಸಾಕ್ಷ್ಯ ತೆಗೆದುಕೊಳ್ಳಲ್ಲ. ಕೆಳಗಿನ ನ್ಯಾಯಾಧೀಶರು ತಪ್ಪು ಮಾಡಿದರಾ ಅಂತ ಮಾತ್ರ ನೋಡುತ್ತಾರೆ. ವಕೀಲರು ಅರ್ಜಿ ಹಾಕೋಣ ಅಂದರು. ಗಿರೀಶ ಬೇಡ ಅಂದ. "ಅವರು ಬರೆದಿದ್ದು ನಿಜಾನೇ ಅಲ್ವಾ ಅಣ್ಣ? ಆರು ತಿಂಗಳು ಏನು ಮಹಾ?" ನನಗೆ ಆ ತೀರ್ಪು ಸ್ವಲ್ಪ ಗಡುಸಾಗಿತ್ತು ಅಂತಲೇ ಅನಿಸಿತ್ತು. ಆದರೆ ಅವನ ನಿರ್ಧಾರ ಸರಿ. ಅವನಿಗೆ ಬೇಕಿದ್ದದ್ದು ವಾದ ಅಲ್ಲ, ದಿನಗಳು. ವೈದ್ಯರ ಕೈಪಿಡಿಯಲ್ಲೂ ಚೇತರಿಕೆ ನೆಲೆನಿಂತಿದೆ ಅಂತ ಬರೆಯೋಕೆ 12 ತಿಂಗಳು ಬೇಕು.

ಇಂಥ ತೀರ್ಪುಗಳು ಹೆಸರು ತೆಗೆದು ಸಾರ್ವಜನಿಕವಾಗಿ ಸಿಗುತ್ತವೆ. ನಾನು ತುಂಬಾ ಓದಿದ್ದೇನೆ. ಸೋತವರಲ್ಲಿ ಗಿರೀಶನ ಹಾಗೇ ಕೇಸು ಮುಗಿದ ಮೇಲೆ ಎಲ್ಲಾ ಮುಗಿಯಿತು ಅಂದುಕೊಂಡವರು ಬಹಳ. ಅವನು ಆ ಕೌನ್ಸೆಲರ್ ಅಮ್ಮನ ಬಾಗಿಲನ್ನು 2021ರಲ್ಲೇ ತಟ್ಟಿದ್ದರೆ ಆರೋಪಪತ್ರವೇ ಬರುತ್ತಿರಲಿಲ್ಲವೇನೋ. ಇನ್ನೊಂದು ಕಡೆಯಿಂದ ನೋಡಿದರೆ, ಆ ನವೆಂಬರಿನ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದು ಬೆಂಗಳೂರಿನ ಕೇಸು ಹೇಗೋ ಹೊರಬಿದ್ದಿದ್ದರೆ, ಎಷ್ಟು ವರ್ಷ ಕುಡಿಯದೇ ಇದ್ದರೂ ಆ ಕಲೆ ಹೋಗುತ್ತಿರಲಿಲ್ಲ. ಕುಡಿತ ಬಿಟ್ಟದ್ದನ್ನು ರಕ್ತ ಪರೀಕ್ಷೆಯಲ್ಲಿ ತೋರಿಸಬಹುದು. ಸುಳ್ಳು ಬಿಟ್ಟದ್ದಕ್ಕೆ ಯಾವ ಲ್ಯಾಬಿದೆ?

ಮತ್ತೆ ಫಾರ್ಮ್

ನಿರಾಕರಣೆಯಾದ ಮೇಲೆ ಮತ್ತೆ ಅರ್ಜಿ ಹಾಕೋಕೆ 1 ವರ್ಷ ಕಾಯಬೇಕು. ಕಂಪನಿ ಅವನನ್ನು ಕ್ಲಿಯರೆನ್ಸ್ ಬೇಡದ ಪ್ರಾಜೆಕ್ಟಿಗೆ ಹಾಕಿತು. ಸಂಬಳ ಕಡಿಮೆ ಆಯಿತು. ಸಂಘದ ಪಾರ್ಟಿಗಳಲ್ಲಿ ಅವನ ಕೈಯಲ್ಲಿ ಮಜ್ಜಿಗೆ ಕಂಡು ನಗುವವರು ನಕ್ಕರು. ಗುಂಪು, ಪರೀಕ್ಷೆ ಯಾವುದನ್ನೂ ನಿಲ್ಲಿಸಲಿಲ್ಲ, ಯಾರೂ ಕೇಳದಿದ್ದರೂ.

2025ರ ಬೇಸಿಗೆಯಲ್ಲಿ ಕಂಪನಿ ಮತ್ತೆ ಅವನ ಹೆಸರು ಕಳಿಸಿತು. ಈ ಸಲ ಪೊಲೀಸ್ ದಾಖಲೆಯ ಪುಟವನ್ನು ನಮ್ಮ ಮನೆಯಲ್ಲೇ ಕೂತು, ಪ್ರತಿ ವಾಕ್ಯವನ್ನೂ ಫುಲ್‌ಸ್ಟಾಪಿನವರೆಗೆ ಜೋರಾಗಿ ಓದಿ ತುಂಬಿದ. ಬೆಂಗಳೂರಿನ ಕೋರ್ಟಿನ ರಸೀದಿಯ ಪ್ರತಿಯನ್ನು ಕಸಿನ್ ಹುಡುಕಿ ಕಳಿಸಿದ್ದ. 21 ತಿಂಗಳ ರಕ್ತ ಪರೀಕ್ಷೆಯ ಕಾಗದಗಳಿದ್ದವು. ಈ ಸಲ ಆರೋಪಪತ್ರ ಬರಲಿಲ್ಲ. ಐದು ತಿಂಗಳಿಗೆ ಕ್ಲಿಯರೆನ್ಸ್ ಬಂತು.

ಫಾರ್ಮ್ ಕಳಿಸುವ ಬಟನ್ ಒತ್ತುವ ಮೊದಲು ಅವತ್ತು ತಡೆದು ನಿಂತಿದ್ದ.

"ಅಣ್ಣ, ಅವತ್ತು ಬೈಕಲ್ಲಿ ಹೆಲ್ಮೆಟ್ಟೂ ಹಾಕಿರಲಿಲ್ಲ. ಅದಕ್ಕೆ ಬೇರೆ ನೂರು ರೂಪಾಯಿ ಫೈನ್ ಹಾಕಿದ್ರು. ಅದೂ ಬರೀಬೇಕಾ?"